ಲೈಬ್ರರಿ ಬದಲಾದಾಗ ಪರೀಕ್ಷೆ ಏಕೆ ಸೋಲುತ್ತದೆ?

ಪ್ರಶ್ನೆ: ಲಿನಕ್ಸ್ ಆಧಾರಿತ ಆಪರೇಟಿಂಗ್ ಸಿಸ್ಟಂ ಆದ ಡೆಬಿಯನ್‌ನಲ್ಲಿ ನಾನು ನಿರ್ವಹಿಸುವ ಪ್ಯಾಕೇಜಿನ (ಇನ್‌ಸ್ಟಾಲ್ ಮಾಡಲು ಸಿದ್ಧಪಡಿಸಿದ ತಂತ್ರಾಂಶದ ಕಟ್ಟು) ಕೋಡ್ ಬದಲಾಗಿಲ್ಲ. ಆದರೂ ಅದು ಅವಲಂಬಿಸಿರುವ ಲೈಬ್ರರಿಯ (ಹಲವು ಪ್ರೋಗ್ರಾಂಗಳು ಹಂಚಿಕೊಂಡು ಬಳಸುವ ಕೋಡ್) ಹೊಸ ಆವೃತ್ತಿ ಬಂದೊಡನೆ ಸ್ವಯಂಚಾಲಿತ ಪರೀಕ್ಷೆ ವಿಫಲವಾಗುತ್ತಿದೆ. ದೋಷ ಯಾರದು?

ಉತ್ತರ: ಅನೇಕ ಬಾರಿ ದೋಷವಿರುವುದು ಪರೀಕ್ಷೆಗಾಗಿ ಕೂಡಿಸಿದ ಪ್ಯಾಕೇಜುಗಳ ಮಿಶ್ರಣದಲ್ಲಿ. ಹೊಸ ಪ್ಯಾಕೇಜುಗಳು ಮೊದಲು ಬರುವ 'ಅನ್‌ಸ್ಟೇಬಲ್' ವಿಭಾಗದಿಂದ, ಮುಂದಿನ ಬಿಡುಗಡೆ ರೂಪುಗೊಳ್ಳುವ 'ಟೆಸ್ಟಿಂಗ್' ವಿಭಾಗಕ್ಕೆ ಸಾಗಬೇಕಾದ ಪ್ಯಾಕೇಜನ್ನಷ್ಟೇ ಹೊಸದಾಗಿ ತೆಗೆದುಕೊಂಡು, ಉಳಿದವನ್ನು ಸಾಧ್ಯವಾದಷ್ಟೂ 'ಟೆಸ್ಟಿಂಗ್'ನಿಂದಲೇ ತುಂಬಿ ಪರೀಕ್ಷಿಸುವುದು ಅಲ್ಲಿನ ಕ್ರಮ. 2022ರಲ್ಲಿ ಜಾಲಸಂಪರ್ಕವನ್ನು ಗೂಢಲಿಪಿಯಿಂದ ಸುರಕ್ಷಿತಗೊಳಿಸುವ ಲೈಬ್ರರಿಯಾದ ಓಪನ್‌ಎಸ್‌ಎಸ್‌ಎಲ್ 1.1ರಿಂದ 3ಕ್ಕೆ ನಡೆದ ಬದಲಾವಣೆಯನ್ನೇ ನೋಡಿ: ಎರಡೂ ಆವೃತ್ತಿಗಳ ಪ್ಯಾಕೇಜ್ ಹೆಸರು ಬೇರೆಯಾದ್ದರಿಂದ ಅವು ಒಂದೇ ಯಂತ್ರದಲ್ಲಿ ಜೊತೆಯಾಗಿ ಇರಬಲ್ಲವು. ಜಾಲದ ಮೂಲಕ ದತ್ತಾಂಶ ಸಾಗಿಸುವ ಕರ್ಲ್ ಲೈಬ್ರರಿ ಹೊಸದರೊಂದಿಗೆ ಕಟ್ಟಲ್ಪಟ್ಟು (ಕಂಪೈಲ್ ಆಗಿ), ನಿಮ್ಮ ಪ್ರೋಗ್ರಾಂ ಇನ್ನೂ ಹಳೆಯದನ್ನೇ ಹಿಡಿದುಕೊಂಡಿದ್ದರೆ, ಕರ್ಲ್ ಕೊಟ್ಟ ಎಸ್‌ಎಸ್‌ಎಲ್ ಆಬ್ಜೆಕ್ಟನ್ನು (ಸುರಕ್ಷಿತ ಸಂಪರ್ಕದ ವಿವರಗಳಿರುವ ದತ್ತಾಂಶ) ಹಳೆಯ ಫಂಕ್ಷನ್‌ಗೆ ಒಪ್ಪಿಸಿದ ಕ್ಷಣವೇ ಪ್ರೋಗ್ರಾಂ ಕುಸಿಯಬಹುದು. ಏಕೆಂದರೆ ಆ ಆಬ್ಜೆಕ್ಟಿನ ಒಳರಚನೆ ಎರಡರಲ್ಲೂ ಒಂದೇ ಅಲ್ಲ.

ಆದ್ದರಿಂದ ಮೊದಲು ಪರೀಕ್ಷೆಯ ಲಾಗ್‌ನಲ್ಲಿ ಯಾವ ಯಾವ ಆವೃತ್ತಿಗಳು ಇನ್‌ಸ್ಟಾಲ್ ಆಗಿವೆ ಎಂಬುದನ್ನು ಗಮನಿಸಿ. ಎರಡೂ ಕಂಡರೆ, ಹೊಸ ಲೈಬ್ರರಿಯೊಂದಿಗೆ ಮರುಕಟ್ಟಿದ ನಿಮ್ಮ ಪ್ಯಾಕೇಜನ್ನೂ 'ಅನ್‌ಸ್ಟೇಬಲ್'ನಿಂದ ಸೇರಿಸಿ ಪರೀಕ್ಷೆಯನ್ನು ಮತ್ತೆ ನಡೆಸಲು ಕೋರಿ. ಆಗ ಅದು ಗೆದ್ದರೂ ಕೆಲಸ ಮುಗಿಯಲಿಲ್ಲ: ಅರ್ಧ ಮಾತ್ರ ಅಪ್‌ಗ್ರೇಡ್ ಮಾಡಿದ ಬಳಕೆದಾರರ ಯಂತ್ರದಲ್ಲೂ ಇದೇ ಕುಸಿತ ಸಂಭವಿಸೀತು. ಹಳೆಯ ಆವೃತ್ತಿಯೊಂದಿಗೆ ಹೊಂದುವುದಿಲ್ಲವೆಂಬುದನ್ನು ಪ್ಯಾಕೇಜಿನ ಅವಲಂಬನೆಗಳಲ್ಲೇ ಘೋಷಿಸುವುದು ಸರಿಯಾದ ಪರಿಹಾರ. ಪರೀಕ್ಷೆಯನ್ನು ತೆಗೆದುಹಾಕುವುದನ್ನು ನಾನು ಖಂಡಿತ ಒಪ್ಪಲಾರೆ.