ಮನಿಲಾಕ್ಕೆ ಅಮ್ಮನನ್ನೂ ಕರೆತರುವವರಿಗೆ

ಫಿಲಿಪೈನ್ಸ್‌ನ ಮನಿಲಾದಲ್ಲಿ ಕೆಲಸ ಸಿಕ್ಕಿದೆ, ಅಮ್ಮನನ್ನು ಮೈಸೂರಲ್ಲಿ ಒಬ್ಬರನ್ನೇ ಬಿಡೋಕೆ ಆಗಲ್ಲ, ಅಲ್ಲಿ ವಯಸ್ಸಾದವರು ಹೇಗಿರುತ್ತಾರೆ, ಅಮ್ಮನಿಗೆ ಹೊತ್ತು ಹೋಗುತ್ತಾ ಅಂತ ಕೇಳಿದ್ದೀರಿ. ವೀಸಾ ವಿಷಯ ಆಮೇಲೆ. ಮೊದಲು ಇಲ್ಲಿನ ಲೋಲಾ, ಲೋಲೋಗಳ ಬಗ್ಗೆ ಹೇಳುತ್ತೇನೆ. ಅಂದರೆ ಅಜ್ಜಿ, ಅಜ್ಜ.

ನಮ್ಮ ಬೀದಿಯ ಲೋಲಾಗಳಿಗೆ ಬಿಪಿ ಇದೆ, ಶುಗರ್ ಇದೆ, ಮಂಡಿ ನೋವಂತೂ ಎಲ್ಲರಿಗೂ. ಆದರೂ ಕೇಳಿದರೆ ಚೆನ್ನಾಗಿದ್ದೇನೆ ಅನ್ನುತ್ತಾರೆ. ತನ್ನ ಕೆಲಸ ತಾನು ಮಾಡಿಕೊಳ್ಳಬೇಕು, ಮೊಮ್ಮಕ್ಕಳು ಕಣ್ಣಿಗೆ ಕಾಣುತ್ತಿರಬೇಕು, ಭಾನುವಾರ ಚರ್ಚಿಗೆ ನಡೆದು ಹೋಗಬೇಕು, ಯಾರಿಗೂ ಭಾರ ಆಗಬಾರದು, ಇಷ್ಟಾದರೆ ಅವರ ಲೆಕ್ಕದಲ್ಲಿ ಮುಪ್ಪು ಚೆನ್ನಾಗಿ ನಡೆಯುತ್ತಿದೆ ಅಂತಲೇ. ಬೆಳಿಗ್ಗೆ ಬರಂಗಾಯ್‌ನ, ಅಂದರೆ ವಾರ್ಡಿನ, ಬ್ಯಾಸ್ಕೆಟ್‌ಬಾಲ್ ಕೋರ್ಟಲ್ಲಿ ಜೋರು ಹಾಡು ಹಾಕಿಕೊಂಡು ಜುಂಬಾ ಕುಣಿಯುತ್ತಾರೆ. ಡಿಸೆಂಬರ್ 16ರಿಂದ 24ರವರೆಗೆ ನಸುಕಿನಲ್ಲೇ ಎದ್ದು ಸಿಂಬಾಂಗ್ ಗಬಿ ಪ್ರಾರ್ಥನೆಗೆ ಹೋಗುತ್ತಾರೆ, ಥೇಟ್ ನಮ್ಮ ಧನುರ್ಮಾಸದ ಪೂಜೆ ಥರ. ಚಿಕ್ಕವರು ಹಿರಿಯರ ಕೈ ಹಿಡಿದು ಹಣೆಗೆ ಒತ್ತಿಕೊಳ್ಳುತ್ತಾರೆ. ಪಕ್ಕದ ಮನೆ ಮಕ್ಕಳು ಹಾಗೆ ಮಾಡಿದರೆ ಗಾಬರಿ ಬೇಡ ಅಂತ ಅಮ್ಮನಿಗೆ ಮೊದಲೇ ಹೇಳಿಡಿ.

ಇವರು ಸದಾ ನಗುತ್ತಾರೆ ಅಂತ ಹೊಗಳುವವರು ಇನ್ನೊಂದು ಭಾಗ ಹೇಳುವುದೇ ಇಲ್ಲ. ಮಕ್ಕಳು ದುಬೈ, ಹಾಂಗ್‌ಕಾಂಗ್, ಇಟಲಿಯಲ್ಲಿ ದುಡಿಯುತ್ತಿರುತ್ತಾರೆ, ಮೊಮ್ಮಕ್ಕಳನ್ನು ಊಟ, ಸ್ಕೂಲು, ಜ್ವರ ಎಲ್ಲಾ ನೋಡಿಕೊಂಡು ಬೆಳೆಸುವುದು ಲೋಲಾ. ಅದರಿಂದಲೇ ಗಟ್ಟಿಯಾಗಿದ್ದೇನೆ ಅನ್ನುವವರೂ ಇದ್ದಾರೆ, ಸುಸ್ತಾಗಿ ಹೋದವರೂ ಇದ್ದಾರೆ. ಮನೆಯ ಹಿರಿಯರನ್ನು ನೋಡಿಕೊಳ್ಳುವುದು ಕುಟುಂಬದ ಕರ್ತವ್ಯ ಅಂತ ಇಲ್ಲಿನ 1987ರ ಸಂವಿಧಾನದಲ್ಲೇ ಬರೆದಿದೆ. ವೃದ್ಧಾಶ್ರಮಕ್ಕೆ ಕಳಿಸಿದರೆ ಊರೇ ಆಡಿಕೊಳ್ಳುತ್ತದೆ, ಹಾಗಾಗಿ ಮದುವೆಯಾಗದ ಮಗಳೊಬ್ಬಳಿದ್ದರೆ ಎಲ್ಲಾ ಅವಳ ತಲೆ ಮೇಲೆ. ತೀರಾ ಬಡ ಹಿರಿಯರಿಗೆ ಸರ್ಕಾರ 2024ರಿಂದ ತಿಂಗಳಿಗೆ 1,000 ಪೆಸೊ ಕೊಡುತ್ತಿದೆ, ಅದಕ್ಕೂ ಮುಂಚೆ ಬರೀ 500. ಮನಿಲಾದಲ್ಲಿ ಅದು ಯಾವ ಮೂಲೆಗೆ?

60 ಆದವರಿಗೆ ಸೀನಿಯರ್ ಕಾರ್ಡ್ ಇದೆ. ಮಾತ್ರೆ, ಹೋಟೆಲು, ಬಸ್ಸು ಎಲ್ಲದರಲ್ಲೂ 20% ಕಡಿತ, ಮೇಲೆ 12% ವ್ಯಾಟ್ ಕೂಡ ಇಲ್ಲ. 2010ರ ಕಾನೂನು ಅದು. ಆದರೆ ಇಲ್ಲಿನ ನಾಗರಿಕರಿಗೆ ಮಾತ್ರ ಸ್ವಾಮಿ, ನಿಮ್ಮ ಅಮ್ಮನಿಗೆ ಸಿಗಲ್ಲ. ಮಾತ್ರೆಗೆ ಪೂರ್ತಿ ದುಡ್ಡು ಅಂತಲೇ ಲೆಕ್ಕ ಹಾಕಿ. ಇಲ್ಲಿ ಔಷಧಿ ನಮ್ಮಲ್ಲಿಗಿಂತ ಜಾಸ್ತಿ ರೇಟು.

ಊಟದ ಚಿಂತೆ ಬೇಡ. ನುಗ್ಗೆ ಸೊಪ್ಪು ಮಲುಂಗಾಯ್ ಅಂತ ಪ್ರತಿ ಮಾರ್ಕೆಟ್ಟಲ್ಲೂ ಸಿಗುತ್ತದೆ. ಹೊರಗೆ ತಿನ್ನುವಾಗ ಮಾತ್ರ ಹುಷಾರು. ಬರೀ ತರಕಾರಿ ಅಂತ ಕೊಟ್ಟಿದ್ದರಲ್ಲೂ ಮೀನಿನ ಸಾಸೋ ಸಿಗಡಿ ಪೇಸ್ಟೋ ಇರುತ್ತದೆ.

ಇನ್ನು ಮನೆ. ಆಫೀಸಿಗೆ ಹತ್ತಿರ ಅಂತ ಮೂವತ್ತನೇ ಮಹಡಿಯ ಕಾಂಡೋ ಹಿಡಿದರೆ ಅಮ್ಮ ಇಡೀ ದಿನ ಟಿವಿ ಮುಂದೆ. ಪಾಸಿಗ್, ಮರಿಕಿನಾ ಕಡೆಯ ಹಳೇ ಬಡಾವಣೆ ನೋಡಿ, ಅಡ್ವಾನ್ಸ್ ಕೊಡುವ ಮುಂಚೆ ಬೆಳಿಗ್ಗೆ ಆರಕ್ಕೆ ಅಲ್ಲಿನ ಬ್ಯಾಸ್ಕೆಟ್‌ಬಾಲ್ ಕೋರ್ಟ್ ಹತ್ತಿರ ಹೋಗಿ ಎಷ್ಟು ಜನ ಲೋಲಾಗಳು ಸೇರುತ್ತಾರೆ ಅಂತ ನೋಡಿ. ಮಳೆಗಾಲದಲ್ಲಿ ನೀರು ನುಗ್ಗುತ್ತಾ ಅಂತಲೂ ಅವರನ್ನೇ ಕೇಳಿ. ಏಜೆಂಟ್ ಹೇಳಲ್ಲ.