ಟ್ರೈಕ್ ಗ್ಯಾರೇಜಿನಲ್ಲೇ ಉಳಿಯುವುದು ಯಾಕೆ?

ಅಮೆರಿಕದ ಫೀನಿಕ್ಸ್‌ನ ನಿಮ್ಮ ಬೀದಿಯಲ್ಲಿ ಇಬ್ಬರ ಹತ್ತಿರ ಹಾರ್ಲೆ ಟ್ರೈಕ್ (ಮೂರು ಚಕ್ರದ ಮೋಟಾರ್‌ಸೈಕಲ್) ಇದೆ, ಒಬ್ಬರು ವಾರವಾರವೂ ಸುತ್ತುತ್ತಾರೆ, ಇನ್ನೊಬ್ಬರದು ಗ್ಯಾರೇಜ್ ಬಿಟ್ಟು ಕದಲುವುದಿಲ್ಲ, ಯಾಕೆ ಅಂತ ಕೇಳಿದ್ದೀರಿ. ಮಂಡಿ ನೋವು ಅಂತ ಎಲ್ಲರೂ ಹೇಳುತ್ತಾರೆ. ಆದರೆ ಮಂಡಿ ನೋವು ಅಂತಲೇ ಅಲ್ವಾ ಎಷ್ಟೋ ಜನ ಮೂರು ಚಕ್ರಕ್ಕೆ ಬರುವುದು?

ನನ್ನ ಪ್ರಕಾರ ಮುಖ್ಯ ಕಾರಣ ಹ್ಯಾಂಡಲ್. ಬೈಕ್ ವಾಲಿಸಿದರೆ ತಿರುಗುತ್ತದೆ. ಟ್ರೈಕ್ ವಾಲುವುದಿಲ್ಲ, ತೋಳಿನ ಬಲದಲ್ಲೇ ತಿರುಗಿಸಬೇಕು. ಹಾರ್ಲೆಯ ಟ್ರೈ ಗ್ಲೈಡ್ ಅನ್ನೋ ಟ್ರೈಕಿನ ತೂಕವೇ 550 ಕಿಲೋ ಮೇಲೆ. ಬೈಕ್ ಓಡಿಸಿ ಪಳಗಿದವರಿಗೂ ಮೊದಲ ತಿರುವಿನಲ್ಲಿ ಮೈ ಹೊರಗೆ ಎಳೆದಂತಾಗುತ್ತದೆ. ಅಲ್ಲೇ ಭಯ ಕೂತುಬಿಡುತ್ತದೆ. ಗುಂಡಿ ತಪ್ಪಿಸುವುದೂ ಕಷ್ಟ, ಮುಂದಿನ ಚಕ್ರ ಪಾರಾದರೆ ಹಿಂದಿನದೊಂದು ಬೀಳುತ್ತದೆ. ಒಂದೆರಡು ತಿಂಗಳು ಪಟ್ಟು ಹಿಡಿದು ಓಡಿಸಿದವರಿಗೆ ರೂಢಿಯಾಗುತ್ತದೆ.

ಇನ್ನೊಂದು ಕಾರಣವಿದೆ, ನಗಬೇಡಿ. ಬೈಕನ್ನು ಕಾರಿನ ಪಕ್ಕ ತೂರಿಸಬಹುದು, ಟ್ರೈಕ್ ಅಗಲ, ಕಾರು ಸರಿಸದೆ ಹೊರಬರುವುದಿಲ್ಲ. ನನ್ನ ಗೆಳೆಯರೊಬ್ಬರು ಅದನ್ನು ಹೊರತೆಗೆಯಲು ಮೊದಲು ಹೆಂಡತಿಯ ಕಾರಿನ ಕೀ ಹುಡುಕಬೇಕು. ಅಷ್ಟರಲ್ಲಿ ಬಿಸಿಲೇರಿರುತ್ತದೆ. ಜೂನ್‌ನಲ್ಲಿ 43 ಡಿಗ್ರಿ, ಕಾಲ ಹತ್ತಿರ ಎಂಜಿನ್ ಬಿಸಿ ಬೇರೆ.

ನಿಮ್ಮ ನೆರೆಯವರಿಗೆ ಬೆಳಗ್ಗೆ ಬೇಗ ಎದ್ದು, ಖಾಲಿ ಪಾರ್ಕಿಂಗ್ ಜಾಗದಲ್ಲಿ ಸುಮ್ನೆ ಎಂಟು ಹಾಕಿ ನೋಡಿ ಅನ್ನಿ.