ಪಿ0303 ಕೋಡ್ ಬಂದಿದೆ, ಪ್ಲಗ್ ಬದಲಿಸಿದರೂ ಮಿಸ್ಸಿಂಗ್ ನಿಂತಿಲ್ಲ: ಇಂಜೆಕ್ಟರ್ ಸೆಟ್ ಬದಲಿಸಬೇಕೆ?

ಸಿಂಧನೂರಿನಿಂದ ನೀವು ಬರೆದಿರುವುದು ಇಷ್ಟು: 90,000 ಕಿ.ಮೀ. ಓಡಿರುವ ನಾಲ್ಕು ಸಿಲಿಂಡರಿನ ಪೆಟ್ರೋಲ್ ಕಾರು ನಿಂತಲ್ಲೇ ನಡುಗುತ್ತದೆ, ಎಳೆಯುವಾಗ ಜರ್ಕ್ ಹೊಡೆಯುತ್ತದೆ, ಆ ಹೊತ್ತಿಗೆ ಚೆಕ್ ಎಂಜಿನ್ ದೀಪ ಮಿಣುಕುತ್ತದೆ. ಸ್ಕ್ಯಾನರ್ ಹಾಕಿದಾಗ ಮಿಸ್ಸಿಂಗ್, ಅಂದರೆ ಸಿಲಿಂಡರಿನಲ್ಲಿ ಪೆಟ್ರೋಲ್ ಸರಿಯಾಗಿ ಉರಿಯದಿರುವುದನ್ನು, ಸೂಚಿಸುವ ಪಿ0303 ಕೋಡ್ ಬಂದಿದೆ, ನಾಲ್ಕೂ ಪ್ಲಗ್ ಬದಲಿಸಿದರೂ ಗುಣ ಕಂಡಿಲ್ಲ, ಈಗ ಗ್ಯಾರೇಜಿನವರು ಪೆಟ್ರೋಲ್ ಚಿಮುಕಿಸುವ ಇಂಜೆಕ್ಟರುಗಳ ಸೆಟ್ ಪೂರ್ತಿ ಬದಲಿಸಲು ಹೇಳುತ್ತಿದ್ದಾರೆ. ದಯವಿಟ್ಟು ಆ ಇಂಜೆಕ್ಟರುಗಳಿಗೆ ಈಗಲೇ ಹಣ ಕೊಡಬೇಡಿ.

ಮೊದಲು ದೀಪದ ವಿಷಯ. ಅದು ಸುಮ್ಮನೆ ಉರಿಯುವುದಕ್ಕೂ ಮಿಣುಕುವುದಕ್ಕೂ ಬಹಳ ವ್ಯತ್ಯಾಸವಿದೆ. ಮಿಣುಕುತ್ತಿದ್ದರೆ ಸಿಲಿಂಡರಿನಲ್ಲಿ ಉರಿಯದ ಪೆಟ್ರೋಲ್ ಸೈಲೆನ್ಸರ್ ದಾರಿ ಹಿಡಿದು, ಹೊಗೆಯ ವಿಷ ಕಡಿಮೆ ಮಾಡುವ ಕ್ಯಾಟಲಿಟಿಕ್ ಕನ್ವರ್ಟರಿನೊಳಗೆ ಉರಿಯುತ್ತಿದೆ ಎಂದರ್ಥ. ಆ ಕಾವಿಗೆ ಅದರ ಜೇನುಗೂಡಿನಂಥ ಒಳಭಾಗ ಕರಗಿಹೋಗುತ್ತದೆ, ಮತ್ತು ಕನ್ವರ್ಟರಿನ ಬೆಲೆಯ ಮುಂದೆ ಪ್ಲಗ್ಗಿಗೆ ಕಿಡಿಯ ವಿದ್ಯುತ್ ಕೊಡುವ ಒಂದು ಕಾಯಿಲಿನ ಬೆಲೆ ಏನೂ ಅಲ್ಲ. ಆದ್ದರಿಂದ ರಿಪೇರಿಯಾಗುವವರೆಗೆ ಈ ಗಾಡಿಯಲ್ಲಿ ರಾಯಚೂರಿಗೆ ಹೋಗಿಬರುವ ಯೋಚನೆ ಬೇಡ.

ಪಿ0303ರ ಕೊನೆಯ ಅಂಕಿ ಸಿಲಿಂಡರಿನ ಸಂಖ್ಯೆ. ನಾಲ್ಕು ಸಿಲಿಂಡರಿನ ಎಂಜಿನ್ನಿನಲ್ಲಿ ಕ್ರ್ಯಾಂಕ್ (ಪಿಸ್ಟನ್‌ಗಳು ತಿರುಗಿಸುವ ಮುಖ್ಯ ದಂಡ) ಅರ್ಧ ಸುತ್ತು ತಿರುಗುವಷ್ಟರಲ್ಲಿ ಒಂದು ಸಿಲಿಂಡರ್ ಉರಿದು ತಳ್ಳಬೇಕು. ಮೂರನೆಯದರ ಸರದಿಯಲ್ಲಿ ಆ ತಳ್ಳುವಿಕೆ ಬಾರದೆ ಕ್ರ್ಯಾಂಕಿನ ವೇಗ ಕ್ಷಣ ಕುಗ್ಗಿದ್ದನ್ನು ಸೆನ್ಸರ್ ಹಿಡಿದಿದೆ. ಅದು ಹೇಳುವುದು ಇಷ್ಟೇ. ಕಿಡಿ ಬರಲಿಲ್ಲವೋ, ಪೆಟ್ರೋಲ್ ಬರಲಿಲ್ಲವೋ, ಕಂಪ್ರೆಷನ್ (ಸಿಲಿಂಡರಿನೊಳಗೆ ಗಾಳಿ ಒತ್ತಿದಾಗಿನ ಒತ್ತಡ) ಇಲ್ಲವೋ ಎಂಬುದನ್ನು ಕೋಡ್ ಹೇಳುವುದಿಲ್ಲ. ಅದನ್ನು ನಾವೇ ಕಂಡುಹಿಡಿಯಬೇಕು.

ಅದಕ್ಕೆ ಖರ್ಚಿಲ್ಲದ ದಾರಿಯೊಂದಿದೆ. ನಿಮ್ಮ ಕಾರಿನಲ್ಲಿ ಪ್ರತಿ ಪ್ಲಗ್ಗಿಗೆ ಪ್ರತ್ಯೇಕ ಕಾಯಿಲ್ ಇದ್ದರೆ, ಎಂಜಿನ್ ಆರಿಸಿ, ತಣ್ಣಗಾದ ಮೇಲೆ ಮೂರನೆಯದರ ಕಾಯಿಲನ್ನು ಎರಡನೆಯದಕ್ಕೂ ಎರಡನೆಯದನ್ನು ಮೂರನೆಯದಕ್ಕೂ ಹಾಕಿ, ಕೋಡ್ ಅಳಿಸಿ, ಮತ್ತೆ ಓಡಿಸಿ ನೋಡಿ. ಪಿ0302 ಬಂದರೆ ದೋಷ ಕಾಯಿಲಿನ ಜೊತೆಗೇ ಹೋಯಿತು, ಕಾಯಿಲೇ ಕೆಟ್ಟಿದೆ. ನಮ್ಮ ಭಾಗದ ಬೇಸಿಗೆಯಲ್ಲಿ ಎಂಜಿನ್ ಮೇಲೆಯೇ ಕೂತಿರುವ ಕಾಯಿಲ್ ಬಿಸಿಯಾದಾಗ ಮಾತ್ರ ಕೈಕೊಡುವುದುಂಟು. ಆದ್ದರಿಂದ ಬೆಳಿಗ್ಗೆ ಐದು ನಿಮಿಷ ಓಡಿಸಿ ತೀರ್ಮಾನಕ್ಕೆ ಬರಬೇಡಿ, ಚೆನ್ನಾಗಿ ಕಾಯ್ದ ಮೇಲೂ ಪರೀಕ್ಷಿಸಿ. ಓಡುತ್ತಿರುವ ಎಂಜಿನ್ನಿನಿಂದ ಕಾಯಿಲ್ ಕಿತ್ತು ನೋಡುವ ಹಳೆಯ ರೂಢಿಯನ್ನು ಮಾತ್ರ ಯಾರಿಗೂ ಮಾಡಗೊಡಬೇಡಿ. ಅಲ್ಲಿರುವುದು ಸಾವಿರಾರು ವೋಲ್ಟ್. ಕೈಗೂ ಅಪಾಯ, ಕಾಯಿಲಿಗೂ ಅಪಾಯ.

ಕಾಯಿಲ್ ತೆಗೆದಾಗ ಟಾರ್ಚ್ ಹಿಡಿದು ಪ್ಲಗ್ಗಿನ ಗುಂಡಿಯೊಳಗೆ ನೋಡಿ. ಅಲ್ಲಿ ಎಂಜಿನ್ ಆಯಿಲ್ ನಿಂತಿದ್ದರೆ ವಾಲ್ವ್ ಕವರಿನ ಗ್ಯಾಸ್ಕೆಟ್ ಅಥವಾ ಪ್ಲಗ್ ಟ್ಯೂಬಿನ ಸೀಲ್ ಸೋರುತ್ತಿದೆ. ಪ್ಲಗ್ಗನ್ನೂ ಬಿಚ್ಚಿ ನೋಡಿ: ಬಿಳಿ ಪಿಂಗಾಣಿಯ ಮೇಲೆ ಪೆನ್ಸಿಲಿನಲ್ಲಿ ಎಳೆದಂಥ ಸಣ್ಣ ಕಪ್ಪು ಗೆರೆ ಉದ್ದಕ್ಕೆ ಕಂಡರೆ ಕಿಡಿ ತುದಿಯಲ್ಲಿ ಹಾರದೆ ಆ ಗೆರೆಯಗುಂಟ ಇಳಿದುಹೋಗುತ್ತಿದೆ, ಹೊಸ ಪ್ಲಗ್ಗಿನಲ್ಲೂ ಇದು ಆಗುತ್ತದೆ. ಆಗ ಪ್ಲಗ್ಗಿನ ಜೊತೆಗೆ ಕಾಯಿಲಿನ ರಬ್ಬರ್ ಬೂಟನ್ನೂ ಬದಲಿಸಬೇಕು.

ದೋಷ ಜಾಗ ಬಿಡದೆ ಮೂರರಲ್ಲೇ ಉಳಿದರೆ ಏನು ಮಾಡಬೇಕೆಂಬುದನ್ನು ನನ್ನ ಅನುಭವದಿಂದಲೇ ಹೇಳುತ್ತೇನೆ. ನಾನು ಗಂಗಾವತಿಯ ಹತ್ತಿರ ಇರುವವನು. ನನ್ನ ಕಾರಿನಲ್ಲೂ ಇದೇ ಕೋಡ್ ಬಂದಿತ್ತು, ಒಂದು ಗ್ಯಾರೇಜಿನಲ್ಲಿ ನನಗೂ ಇಂಜೆಕ್ಟರ್ ಬದಲಿಸುವ ಸಲಹೆಯನ್ನೇ ಕೊಟ್ಟಿದ್ದರು. ಕಾಯಿಲ್ ಅದಲುಬದಲು ಮಾಡಿದರೂ ಪಿ0303 ಕದಲಲಿಲ್ಲ. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಒಂದೊಂದೇ ಇಂಜೆಕ್ಟರಿನ ಮೇಲಿಟ್ಟು ಹಿಡಿಗೆ ಕಿವಿಯಾನಿಸಿದಾಗ ಉಳಿದ ಮೂರೂ ಟಿಕ್ ಟಿಕ್ ಎಂದು ಸ್ಪಷ್ಟವಾಗಿ ಬಡಿಯುತ್ತಿದ್ದವು, ಮೂರನೆಯದು ಮಾತ್ರ ಸದ್ದಿಲ್ಲದೆ ಕೂತಿತ್ತು. ಆದರೂ ಎಂಜಿನ್ ಆರಿಸಿ ಮಲ್ಟಿಮೀಟರ್ ಹಿಡಿದರೆ ಅದರ ರೆಸಿಸ್ಟೆನ್ಸ್ ಉಳಿದವುಗಳಂತೆ ಸುಮಾರು 12 ಓಮ್ ತೋರಿಸಿತು, ಅಂದರೆ ಅದರ ಸುರುಳಿ ಚೆನ್ನಾಗಿಯೇ ಇತ್ತು. ವೈರನ್ನು ಬೆರಳಲ್ಲಿ ಸವರುತ್ತ ಹೋದಾಗ ಇನ್‌ಟೇಕ್ ಮ್ಯಾನಿಫೋಲ್ಡಿನ ಹಿಂದೆ ಒಂದು ಕಡೆ ಮೇಲಿನ ಪ್ಲಾಸ್ಟಿಕ್ ಇರಲಿಲ್ಲ, ಒಳಗಿನ ತಾಮ್ರದ ಎಳೆಗಳು ತುಂಡಾಗಿ ತುದಿ ಹಸಿರುಗಟ್ಟಿತ್ತು, ಪಕ್ಕದಲ್ಲಿ ಭತ್ತದ ಹೊಟ್ಟು ಮತ್ತು ಇಲಿಯ ಹಿಕ್ಕೆ ಬಿದ್ದಿದ್ದವು. ಕೊಯ್ಲು ಮುಗಿದು ಗದ್ದೆ ಬರಿದಾದಾಗ ಇಲಿಗಳು ಬೆಚ್ಚಗಿನ ಬಾನೆಟ್ಟಿನೊಳಗೆ ಸೇರುವುದು ತುಂಗಭದ್ರೆಯ ಕಾಲುವೆ ನೀರುಣ್ಣುವ ನಮ್ಮೂರುಗಳಲ್ಲಿ ಹೊಸದೇನಲ್ಲ. ನೀವೂ ಭತ್ತದ ಸೀಮೆಯವರೇ, ಆದ್ದರಿಂದ ಇದನ್ನು ಮರೆಯದೆ ನೋಡಿ. ಬೆಸುಗೆ ಹಾಕಿ, ಶಾಖಕ್ಕೆ ಕುಗ್ಗುವ ಪ್ಲಾಸ್ಟಿಕ್ ಕೊಳವೆ ತೊಡಿಸಿದ ಮೇಲೆ ಎಂಜಿನ್ ಆ ಕ್ಷಣವೇ ನಯವಾಯಿತು.

ವೈರ್ ಸರಿಯಿದ್ದರೆ ಆಗ ಇಂಜೆಕ್ಟರನ್ನು ಶಂಕಿಸಬಹುದು. ಅದನ್ನೂ ಬದಲಿಸುವ ಮೊದಲು ಎರಡನೆಯದರ ಜೊತೆ ಅದಲುಬದಲು ಮಾಡಿಸಿ. ಪೆಟ್ರೋಲ್ ಒತ್ತಡ ಇಳಿಸಿ ಮಾಡಬೇಕಾದ ಕೆಲಸವಾದ್ದರಿಂದ ಅದು ಮೆಕ್ಯಾನಿಕ್ ಕೈಯಲ್ಲೇ ಆಗಲಿ. ಅಲ್ಲಿಗೂ ದೋಷ ಮೂರರಲ್ಲೇ ನಿಂತರೆ ಕಂಪ್ರೆಷನ್ ಅಳೆಸಿ. ಮೂರನೆಯದು ಉಳಿದವುಗಳಿಗಿಂತ ತೀರ ಕಡಿಮೆಯಿದ್ದು, ಒಂದು ಚಮಚ ಎಂಜಿನ್ ಆಯಿಲ್ ಹಾಕಿದಾಗ ಏರಿದರೆ ರಿಂಗ್ ಸವೆದಿದೆ, ಏರದಿದ್ದರೆ ವಾಲ್ವ್ ಸರಿಯಾಗಿ ಮುಚ್ಚುತ್ತಿಲ್ಲ ಅಥವಾ ಹೆಡ್ ಗ್ಯಾಸ್ಕೆಟ್ ಹೋಗಿದೆ. ಪಕ್ಕಪಕ್ಕದ ಎರಡು ಸಿಲಿಂಡರುಗಳು ಒಟ್ಟಿಗೆ ಕಡಿಮೆ ತೋರಿಸಿದರೆ ಹೆಡ್ ಗ್ಯಾಸ್ಕೆಟ್ಟೇ ಇರುವ ಸಾಧ್ಯತೆ ಹೆಚ್ಚು.

ನಾಳೆ ಕಾಯಿಲ್ ಅದಲುಬದಲು ಮಾಡಿ, ಕೋಡ್ ಪಿ0303 ಆಗಿಯೇ ಉಳಿಯಿತೋ ಪಿ0302 ಆಯಿತೋ ಎಂಬುದನ್ನು ಇಲ್ಲಿಯೇ ತಿಳಿಸಿ. ಮುಂದಿನದನ್ನು ಅದನ್ನು ನೋಡಿ ಹೇಳುತ್ತೇನೆ.